ಕಚೇರಿ ಲ್ಯಾಪ್‌ಟಾಪ್‌ಗಳ ಪರದೆ ಮತ್ತು ಕ್ಯಾಮೆರಾ: ಆರ್ಡರ್ ಕೊಡುವ ಮೊದಲು ಏನನ್ನು ಕೇಳಿ ಬರೆಸಿಕೊಳ್ಳಬೇಕು?

ಸಹಕಾರಿ, ಶಿರಸಿ

ಎಲ್ಲರಿಗೂ ನಮಸ್ಕಾರ. ಶಿರಸಿ ಭಾಗದ ಒಂದು ಪತ್ತಿನ ಸಹಕಾರ ಸಂಘದಲ್ಲಿ ನಾನು ಲೆಕ್ಕಪತ್ರದ ಕೆಲಸದ ಜೊತೆಗೆ ಕಂಪ್ಯೂಟರುಗಳ ಉಸ್ತುವಾರಿಯನ್ನೂ ನೋಡಿಕೊಳ್ಳುತ್ತೇನೆ. ಪ್ರಧಾನ ಕಚೇರಿಗೂ ಒಂಬತ್ತು ಶಾಖೆಗಳಿಗೂ ಸೇರಿ 26 ಲ್ಯಾಪ್‌ಟಾಪ್‌ಗಳನ್ನು ಕೊಳ್ಳಲು ಆಡಳಿತ ಮಂಡಳಿ ಒಪ್ಪಿಗೆ ಕೊಟ್ಟಿದೆ. ಪ್ರೊಸೆಸರ್, ಮೆಮೊರಿ, ಎಸ್‌ಎಸ್‌ಡಿ ಇವುಗಳ ಬಗ್ಗೆ ನನಗೆ ಗೊಂದಲವಿಲ್ಲ. ಪರದೆ ಮತ್ತು ಕ್ಯಾಮೆರಾದ ವಿಷಯದಲ್ಲಿ ಮಾತ್ರ ಹಿಂದೆ ಒಮ್ಮೆ ಎಡವಿದ್ದೇವೆ, ಆದ್ದರಿಂದ ಈ ಬಾರಿ ತಿಳಿದವರನ್ನು ಕೇಳಿಯೇ ಮುಂದುವರಿಯಬೇಕೆಂದು ಬರೆಯುತ್ತಿದ್ದೇನೆ.

2021ರಲ್ಲಿ ಕೊಂಡ ಹನ್ನೆರಡು ಯಂತ್ರಗಳ ಕೊಟೇಶನ್‌ನಲ್ಲಿ "14 ಇಂಚಿನ ಫುಲ್ ಎಚ್‌ಡಿ ಪರದೆ, ಎಚ್‌ಡಿ ಕ್ಯಾಮೆರಾ" ಎಂದಷ್ಟೇ ಇತ್ತು, ನಾವು ಅದಕ್ಕೇ ಸಹಿ ಹಾಕಿದೆವು. ಯಂತ್ರಗಳು ಇಂದಿಗೂ ಚೆನ್ನಾಗಿಯೇ ಓಡುತ್ತಿವೆ. ಆದರೆ ನಮ್ಮ ಮುಖ್ಯ ಕೌಂಟರಿನ ಕಿಟಕಿ ಪೂರ್ವಕ್ಕಿದೆ; ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಕೌಂಟರಿನಲ್ಲಿ ಕೂರುವ ನಮ್ಮ ಸಹೋದ್ಯೋಗಿ ರಟ್ಟಿನ ಫೈಲೊಂದನ್ನು ಪರದೆಯ ಪಕ್ಕಕ್ಕೆ ಮರೆಯಾಗಿ ನಿಲ್ಲಿಸಿಕೊಂಡು, ತಲೆಯನ್ನು ಅದರ ನೆರಳಿಗೆ ಬಾಗಿಸಿ ಖಾತೆಯ ಅಂಕಿಗಳನ್ನು ಓದುತ್ತಾರೆ. ಮೂರು ವರ್ಷಗಳಿಂದ ಇದನ್ನು ನೋಡುತ್ತಿದ್ದೇನೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಗುರುವಾರದ ಸಾಲ ಉಪಸಮಿತಿಯ ವಿಡಿಯೋ ಸಭೆಯಲ್ಲಿ ಶಾಖಾ ವ್ಯವಸ್ಥಾಪಕರ ಮುಖಗಳು ಕಪ್ಪು ಆಕಾರಗಳಂತೆ ಕಾಣುತ್ತವೆ. ಕೆಲವರ ಚಿತ್ರದ ಮೇಲೆ ಅಡ್ಡ ಪಟ್ಟಿಗಳು ನಿಧಾನವಾಗಿ ಸರಿಯುತ್ತಲೇ ಇರುತ್ತವೆ. ಜೊತೆಗೆ, ಕ್ಯಾಮೆರಾ ಮುಚ್ಚಲೆಂದು ಅಂಟಿಸಿದ ಪ್ಲಾಸ್ಟಿಕ್ ಮುಚ್ಚಳದಿಂದಲೇ ಇರಬೇಕು, ಎರಡು ಪರದೆಗಳು ಒಡೆದವು. ಕೌಂಟರಿಗೆ ಬಂದ ಸದಸ್ಯರಿಗೆ ಪಕ್ಕದವರ ಖಾತೆಯ ಬಾಕಿ ಕಾಣುತ್ತದೆ ಎಂಬ ದೂರು ಮಹಾಸಭೆಯಲ್ಲೂ ಬಂದಿದೆ.

ಒಳ್ಳೆಯ ಬಿಸಿನೆಸ್ ಮಾದರಿಯನ್ನು ಆರಿಸಿಕೊಂಡರೆ ಇವೆಲ್ಲ ತಾನಾಗಿ ಸರಿಹೋಗುತ್ತವೆಯೇ, ಅಥವಾ ನಾವು ಬೇರೆಯಾಗಿ ಏನನ್ನಾದರೂ ಕೇಳಬೇಕೇ?

ಪರಿಕರ ವಿಭಾಗ, ಬೆಂಗಳೂರು

ನಮಸ್ಕಾರ ಸರ್. ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಲ್ಯಾಪ್‌ಟಾಪ್ ಖರೀದಿಯನ್ನು ನೋಡಿಕೊಳ್ಳುತ್ತಿದ್ದೇನೆ. ತಾವು ಕೊನೆಯಲ್ಲಿ ಕೇಳಿರುವ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ತಾನಾಗಿ ಸರಿಹೋಗುವುದಿಲ್ಲ.

ಬಿಸಿನೆಸ್ ಲ್ಯಾಪ್‌ಟಾಪ್‌ಗಳಲ್ಲಿ ಮಾದರಿಯ ಹೆಸರು ಒಂದೇ ಆದರೂ ಒಳಗೆ ಕೂರುವ ಪರದೆಗಳು ನಾಲ್ಕೈದು ಬಗೆಯವು. ಲೆನೊವೊದ ಥಿಂಕ್‌ಪ್ಯಾಡ್ ಟಿ ಸರಣಿ, ಡೆಲ್‌ನ ಲ್ಯಾಟಿಟ್ಯೂಡ್ (2025ರಿಂದ ಡೆಲ್ ಪ್ರೋ ಎಂಬ ಹೆಸರು), ಎಚ್‌ಪಿಯ ಎಲೈಟ್‌ಬುಕ್ ಯಾವುದನ್ನೇ ತೆಗೆದುಕೊಳ್ಳಿ, ಒಂದೇ ಯಂತ್ರವನ್ನು 250 ಅಥವಾ 300 ನಿಟ್ಸ್‌ನ (ನಿಟ್ಸ್ ಎಂದರೆ ಪರದೆಯ ಪ್ರಕಾಶದ ಅಳತೆ) ಸಾಮಾನ್ಯ ಪರದೆಯೊಂದಿಗೂ ಕೊಳ್ಳಬಹುದು, 400 ನಿಟ್ಸ್‌ನ ಕಡಿಮೆ ವಿದ್ಯುತ್ತಿನ ಪರದೆಯೊಂದಿಗೂ ಕೊಳ್ಳಬಹುದು, ಟಚ್ ಅಥವಾ ಖಾಸಗಿತನದ ಪರದೆಯೊಂದಿಗೂ ಕೊಳ್ಳಬಹುದು. ಯೂಟ್ಯೂಬ್‌ನಲ್ಲಿ ವಿಮರ್ಶೆ ಮಾಡುವವರ ಕೈಗೆ ಸಾಮಾನ್ಯವಾಗಿ ಮೇಲ್ದರ್ಜೆಯ ಪರದೆ ಬಂದಿರುತ್ತದೆ. ಕಡಿಮೆ ದರದ ಕೊಟೇಶನ್ ಕೊಡಬೇಕಾದ ಮಾರಾಟಗಾರರು ಕೆಳದರ್ಜೆಯದನ್ನು ಸೇರಿಸಿರುತ್ತಾರೆ. ಇಬ್ಬರೂ ಹೇಳುವ ಮಾದರಿಯ ಹೆಸರು ಒಂದೇ ಆಗಿರುವುದರಿಂದ ನಡುವೆ ಇರುವ ನಮಗೆ ವ್ಯತ್ಯಾಸ ತಿಳಿಯುವುದು ಪೆಟ್ಟಿಗೆ ತೆರೆದ ಮೇಲೆಯೇ.

ಹಾಗಾಗಿ ಕೊಟೇಶನ್‌ನಲ್ಲಿ ಪ್ರಕಾಶವನ್ನು ನಿಟ್ಸ್‌ನಲ್ಲಿ ಬರೆಸಿಕೊಳ್ಳಿ. ಕಿಟಕಿಯ ಪಕ್ಕದ ಕೌಂಟರಿಗೆ 400ಕ್ಕಿಂತ ಕಡಿಮೆ ಬೇಡ. ಬಣ್ಣದ ವ್ಯಾಪ್ತಿಯ ಸಾಲಿನಲ್ಲಿ "45 ಶೇಕಡಾ ಎನ್‌ಟಿಎಸ್‌ಸಿ" ಎಂದಿದ್ದರೆ ಅದು ಅಗ್ಗದ ಪ್ಯಾನೆಲ್ ಎಂದು ತಿಳಿಯಿರಿ. ಅದರಲ್ಲಿ ಕೆಂಪು ಬಣ್ಣ ಇಟ್ಟಿಗೆಯ ಬಣ್ಣದಂತೆ ಕಾಣುತ್ತದೆ, ಸ್ಕ್ಯಾನ್ ಮಾಡಿದ ದಾಖಲೆಯಲ್ಲಿ ಮೊಹರಿನ ಶಾಯಿ ಮಸುಕಾಗಿ ತೋರುತ್ತದೆ. "100 ಶೇಕಡಾ ಎಸ್‌ಆರ್‌ಜಿಬಿ" ಎಂದಿದ್ದರೆ ಒಳ್ಳೆಯದು (ಇವೆರಡೂ ಬಣ್ಣದ ವ್ಯಾಪ್ತಿಯ ಅಳತೆಗೋಲುಗಳು). ಪಕ್ಕದಿಂದ ನೋಡಿದರೂ ಬಣ್ಣ ಕೆಡದ ಐಪಿಎಸ್ ಬಗೆಯೇ ಇರಲಿ, ಮೇಲ್ಮೈ ಹೊಳಪಿಲ್ಲದ ಮ್ಯಾಟ್ ಆಗಿರಲಿ. ಹೊಳಪಿನ ಗಾಜಿನ ಮೇಲೆ ಟ್ಯೂಬ್‌ಲೈಟಿನ ಪ್ರತಿಬಿಂಬ ಬಿದ್ದರೆ ಎಷ್ಟು ನಿಟ್ಸ್ ಇದ್ದರೂ ಕಣ್ಣಿಗೆ ಆರಾಮವಿಲ್ಲ.

ಇನ್ನೊಂದು ಮಾತು. 16:9ರ (ಅಗಲ 16 ಪಾಲು, ಎತ್ತರ 9 ಪಾಲು) ಪರದೆ ಸಿನಿಮಾ ನೋಡುವುದಕ್ಕೆ ಹೊಂದುವ ಆಕಾರ. 2021ರಲ್ಲಿ ಒಂಬತ್ತನೇ ಪೀಳಿಗೆಯ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್, ಮರುವರ್ಷ ಟಿ14 ಮತ್ತು ಎಲೈಟ್‌ಬುಕ್ 840 ಹೀಗೆ ಒಂದೊಂದಾಗಿ 16:10ಕ್ಕೆ ಬಂದವು. 14 ಇಂಚಿನ ಪರದೆಯಲ್ಲಿ ಲೆಕ್ಕ ಹಾಕಿದರೆ ಎತ್ತರ ಸುಮಾರು 17.4 ಸೆಂಟಿಮೀಟರಿನಿಂದ 18.8 ಸೆಂಟಿಮೀಟರಿಗೆ ಏರುತ್ತದೆ. ಸಾಲುಗಳ ಲೆಕ್ಕದಲ್ಲಿ 1080ರ ಬದಲು 1200. ಲೆಡ್ಜರನ್ನು ಮೇಲೆ ಕೆಳಗೆ ಸರಿಸುತ್ತಾ ದಿನ ಕಳೆಯುವವರಿಗೆ ಈ 120 ಸಾಲುಗಳು ನಾಲ್ಕೈದು ನಮೂದುಗಳಷ್ಟು ಜಾಗ.

ರಿಪೇರಿ ಬೆಂಚು, ಎಸ್.ಪಿ. ರಸ್ತೆ

ಒಡೆದ ಪರದೆಗಳ ಬಗ್ಗೆ ನಾನು ಹೇಳಬಹುದು, ಏಕೆಂದರೆ ಅಂಥವನ್ನು ವಾರಕ್ಕೆ ಎರಡು ಮೂರಾದರೂ ಬಿಚ್ಚುತ್ತೇನೆ. ಲ್ಯಾಪ್‌ಟಾಪ್ ಮುಚ್ಚಿದಾಗ ಪರದೆಯ ಗಾಜಿಗೂ ಕೀಬೋರ್ಡ್ ಇರುವ ತಳಕ್ಕೂ ನಡುವೆ ಉಳಿಯುವ ಸಂದು ಬಹಳ ಕಿರಿದು. ಮಾರುಕಟ್ಟೆಯಲ್ಲಿ ಸಿಗುವ ಜಾರುವ ಪ್ಲಾಸ್ಟಿಕ್ ಮುಚ್ಚಳ ಆ ಸಂದಿಗಿಂತ ದಪ್ಪವಿದ್ದರೆ, ಮುಚ್ಚುವಾಗ ಬೀಳುವ ಬಲವೆಲ್ಲ ಕ್ಯಾಮೆರಾದ ಕೆಳಗಿನ ಒಂದೇ ಬಿಂದುವಿನ ಮೇಲೆ ಬೀಳುತ್ತದೆ. ಹಾಗೆ ಒಡೆದ ಪರದೆಯ ಗುರುತು ಸ್ಪಷ್ಟ: ಮೇಲಂಚಿನ ನಡುವಿನಿಂದ ಬಿರುಕುಗಳು ಬೀಸಣಿಗೆಯ ಕಡ್ಡಿಗಳಂತೆ ಕೆಳಗೆ ಹರಡಿರುತ್ತವೆ. ಕೈಜಾರಿ ಬಿದ್ದು ಒಡೆದದ್ದಾದರೆ ಬಿರುಕು ಮೂಲೆಯಿಂದ ಶುರುವಾಗುತ್ತದೆ. ತಮ್ಮ ಎರಡು ಪರದೆಗಳನ್ನು ಇಟ್ಟುಕೊಂಡಿದ್ದರೆ ಒಮ್ಮೆ ನೋಡಿ. ಆಪಲ್ ಸಂಸ್ಥೆ 2020ರಲ್ಲಿ ತನ್ನ ಗ್ರಾಹಕರಿಗೆ ಇದೇ ಎಚ್ಚರಿಕೆಯನ್ನು ಕೊಟ್ಟು, ಮುಚ್ಚಳ ಹಾಕಲೇಬೇಕೆಂದಿದ್ದರೆ ಅದು 0.1 ಮಿಲಿಮೀಟರಿಗಿಂತ, ಅಂದರೆ ಸಾಧಾರಣ ಮುದ್ರಣದ ಕಾಗದಕ್ಕಿಂತ ದಪ್ಪವಿರಬಾರದು ಎಂದು ಹೇಳಿತ್ತು.

ಒಳಗೇ ಶಟರ್ ಇರುವ ಯಂತ್ರವನ್ನೇ ಕೊಳ್ಳಿ. ಥಿಂಕ್‌ಪ್ಯಾಡ್‌ಗಳಲ್ಲಿ ಇದು 2018ರಿಂದ ಥಿಂಕ್‌ಶಟರ್ ಎಂಬ ಹೆಸರಿನಲ್ಲಿ ಬಂದಿದೆ. ಈಗ ಇತರ ಬಿಸಿನೆಸ್ ಸರಣಿಗಳಲ್ಲೂ ಸಾಮಾನ್ಯವಾಗಿದೆ. ಅಂಚಿನೊಳಗೆ ತೆಳುವಾದ ಹಲಗೆಯೊಂದು ಜಾರುತ್ತದೆ, ಮುಚ್ಚಿದಾಗ ಮಸೂರದ ಜಾಗದಲ್ಲಿ ಕೆಂಪು ಚುಕ್ಕೆ ಕಾಣಿಸುತ್ತದೆ. ಒಂದು ವಿಷಯವನ್ನು ತಮ್ಮ ಸಿಬ್ಬಂದಿಗೆ ಮೊದಲೇ ತಿಳಿಸಿಬಿಡಿ: ಶಟರ್ ಮುಚ್ಚಿದ್ದರೂ ವಿಂಡೋಸ್‌ಗೆ ಕ್ಯಾಮೆರಾ ಇದ್ದಂತೆಯೇ ಇರುತ್ತದೆ, ಚಿತ್ರ ಮಾತ್ರ ಕಪ್ಪು. ಕ್ಯಾಮೆರಾ ಕೆಟ್ಟಿದೆಯೆಂದು ನನ್ನ ಬಳಿಗೆ ಬಸ್ಸು ಹತ್ತಿ ಬಂದವರ ಯಂತ್ರದಲ್ಲಿ ಉಗುರಿನಿಂದ ಆ ಚಿಕ್ಕ ಗುಂಡಿಯನ್ನು ಪಕ್ಕಕ್ಕೆ ತಳ್ಳಿ ಕಳುಹಿಸಿದ್ದು ಎಷ್ಟೋ ಸಲ. ಅವರ ಅರ್ಧ ದಿನ ಹೋಗಿರುತ್ತದೆ. ದುಡ್ಡು ತೆಗೆದುಕೊಳ್ಳಲು ಮನಸ್ಸು ಬರುವುದಿಲ್ಲ.

ಕರಡು ತಿದ್ದುವವರು, ಮೈಸೂರು

ಈ ಚರ್ಚೆಯಲ್ಲಿ ಕನ್ನಡದ ವಿಷಯ ಇನ್ನೂ ಬಂದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ತಮ್ಮ ಸಂಘದ ಸಾಲಪತ್ರ, ನಡವಳಿ, ನೋಟಿಸು ಎಲ್ಲವೂ ಕನ್ನಡದಲ್ಲೇ ಇರುತ್ತವೆಂದು ಭಾವಿಸುತ್ತೇನೆ. ಪರದೆಯ ಸೂಕ್ಷ್ಮತೆ ಇಂಗ್ಲಿಷ್ ಓದುವವರಿಗಿಂತ ನಮಗೆ ಹೆಚ್ಚು ಮುಖ್ಯ. ಇಂಗ್ಲಿಷಿನ ಅಕ್ಷರ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ನಮ್ಮ ಅಕ್ಷರ ಮೇಲೆ ಗುಡಿಸು, ಕೆಳಗೆ ಒತ್ತು, ಒತ್ತಿನ ಕೆಳಗೆ ಇನ್ನೊಂದು ಒತ್ತು ಎಂದು ಬೆಳೆಯುತ್ತದೆ. "ಸ್ವಾತಂತ್ರ್ಯ" ಎಂಬ ಪದದ ಕೊನೆಯ ಅಕ್ಷರವನ್ನು ಹತ್ತು ಪಾಯಿಂಟ್ ಗಾತ್ರದಲ್ಲಿ ಹಳೆಯ 1366×768ರ 14 ಇಂಚಿನ ಪರದೆಯ ಮೇಲೆ ನೋಡಿ. ಒತ್ತುಗಳೆರಡೂ ಒಂದು ಬೂದು ಮುದ್ದೆಯಾಗಿ ಅಂಟಿಕೊಂಡಿರುತ್ತವೆ.

ಒತ್ತಕ್ಷರವಾದರೂ ಸಂದರ್ಭದಿಂದ ಊಹಿಸಬಹುದು. ಮಹಾಪ್ರಾಣದ ಸೀಳು ಕಾಣದಿದ್ದರೆ ಊಹೆಗೂ ಆಸ್ಪದವಿಲ್ಲ. ದ ಮತ್ತು ಧ, ಬ ಮತ್ತು ಭ ಇವುಗಳ ನಡುವಿನ ವ್ಯತ್ಯಾಸ ಒಂದು ಸಣ್ಣ ಗೀಟು. ರ ಮತ್ತು ಠ ನಡುವಿನದು ಒಂದು ಚುಕ್ಕೆ. ಆ ಗೀಟಿಗೆ, ಆ ಚುಕ್ಕೆಗೆ ಪರದೆಯಲ್ಲಿ ಒಂದೂವರೆ ಪಿಕ್ಸೆಲ್ ಮಾತ್ರ ಸಿಕ್ಕರೆ, ಸದಸ್ಯರ ಹೆಸರನ್ನು ತಪ್ಪಾಗಿ ಓದಿ ತಪ್ಪಾಗಿಯೇ ದಾಖಲಿಸುವುದು ಕಣ್ಣಿನ ದೋಷವಲ್ಲ. ಹಳೆಯ ಆ ಪರದೆಯಲ್ಲಿ ಇಂಚಿಗೆ 112 ಪಿಕ್ಸೆಲ್‌ಗಳಿದ್ದವು. 14 ಇಂಚಿನ 1920×1200ರಲ್ಲಿ ಸುಮಾರು 162 ಇರುತ್ತವೆ, 15.6 ಇಂಚಿನ ಫುಲ್ ಎಚ್‌ಡಿಯಲ್ಲಿ 141. ದೊಡ್ಡ ಪರದೆಯೆಂದರೆ ಓದಲು ಸುಲಭವೆಂದು ತಿಳಿದು 15.6ನ್ನು ಆರಿಸುವವರು ಈ ಲೆಕ್ಕವನ್ನು ಗಮನಿಸಬೇಕು. ಅಕ್ಷರದ ಗಾತ್ರವನ್ನು ಸ್ಕೇಲಿಂಗ್‌ನಲ್ಲಿ 125 ಅಥವಾ 150 ಶೇಕಡಾಕ್ಕೆ ಏರಿಸಿಕೊಳ್ಳಬಹುದು, ಆದರೆ ಇಲ್ಲದ ಪಿಕ್ಸೆಲ್‌ಗಳನ್ನು ಸ್ಕೇಲಿಂಗ್ ತಂದುಕೊಡಲಾರದು.

ಮಾದರಿ ಯಂತ್ರ ನೋಡಲು ಹೋದಾಗ ತಮ್ಮದೇ ಒಂದು ಸಾಲಪತ್ರದ ಪಿಡಿಎಫ್ ಅನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು, ನೂರು ಶೇಕಡಾದಲ್ಲಿ ತೆರೆದು ಓದಿ ನೋಡಿ. ಅಂಗಡಿಯವರು ತೋರಿಸುವ ಬಣ್ಣದ ಗಿಳಿಗಳ ವಿಡಿಯೋದಿಂದ ಏನೂ ತಿಳಿಯುವುದಿಲ್ಲ.

ಮಸೂರ, ಮ್ಯೂನಿಕ್

ಜರ್ಮನಿಯಲ್ಲಿ ಕ್ಯಾಮೆರಾ ಮಾಡ್ಯೂಲ್‌ಗಳ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದ್ದೇನೆ, ಊರು ತೀರ್ಥಹಳ್ಳಿ. ಕ್ಯಾಮೆರಾದ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಲು ಅನುಮತಿ ಕೊಡಿ, ಏಕೆಂದರೆ ತಾವು ವಿವರಿಸಿದ ಎರಡೂ ತೊಂದರೆಗಳಿಗೆ ಕಾರಣಗಳು ಬೇರೆ ಬೇರೆ.

ಒಂದೂಕಾಲು ಲಕ್ಷದ ಲ್ಯಾಪ್‌ಟಾಪ್‌ನ ಕ್ಯಾಮೆರಾ ಹದಿನೈದು ಸಾವಿರದ ಮೊಬೈಲಿನ ಕ್ಯಾಮೆರಾಕ್ಕಿಂತ ಏಕೆ ಕಳಪೆ ಎಂದು ಎಲ್ಲರೂ ಕೇಳುತ್ತಾರೆ. ಮೊಬೈಲಿನಲ್ಲಿ ಮಸೂರಕ್ಕೂ ಸಂವೇದಕಕ್ಕೂ ಎಂಟು ಮಿಲಿಮೀಟರಿನಷ್ಟು ಆಳ ಸಿಗುತ್ತದೆ, ಸಾಲದಿದ್ದರೆ ಹಿಂಬದಿಯಲ್ಲಿ ಉಬ್ಬು ಮಾಡಿಕೊಳ್ಳುತ್ತಾರೆ. ಲ್ಯಾಪ್‌ಟಾಪ್‌ನ ಮುಚ್ಚಳದಲ್ಲಿ ಸಿಗುವುದು ಎರಡು ಮೂರು ಮಿಲಿಮೀಟರು. ಆಳ ಕಡಿಮೆಯಾದರೆ ಸಂವೇದಕವೂ ಚಿಕ್ಕದಾಗಬೇಕು, ಚಿಕ್ಕದಾದರೆ ಅದಕ್ಕೆ ಸಿಗುವ ಬೆಳಕೂ ಕಡಿಮೆ. ಅಂಚು ತೆಳುವಾದಷ್ಟೂ ಈ ಕಷ್ಟ ಹೆಚ್ಚುತ್ತದೆ. ಡೆಲ್‌ನ ಎಕ್ಸ್‌ಪಿಎಸ್ 13ರಲ್ಲಿ 2015ರಿಂದ ಕೆಲವು ವರ್ಷ ಕ್ಯಾಮೆರಾ ಪರದೆಯ ಕೆಳಗಿತ್ತು, ಎದುರಿನವರಿಗೆ ಮೂಗಿನ ಹೊಳ್ಳೆ ಕಾಣುವಂತಾಗುತ್ತಿತ್ತು, 2019ರಲ್ಲಿ 2.25 ಮಿಲಿಮೀಟರಿನ ಕ್ಯಾಮೆರಾವನ್ನು ರೂಪಿಸಿದ ಮೇಲೆಯೇ ಅದನ್ನು ಮೇಲಂಚಿಗೆ ತರಲು ಸಾಧ್ಯವಾಯಿತು. 2022ರ ಹತ್ತನೇ ಪೀಳಿಗೆಯ ಎಕ್ಸ್1 ಕಾರ್ಬನ್‌ನಲ್ಲಿ ಮುಚ್ಚಳದ ಮೇಲಂಚನ್ನು ಸ್ವಲ್ಪ ಹೊರಚಾಚಿ ಕ್ಯಾಮೆರಾಕ್ಕೆ ಜಾಗ ಮಾಡಿದರು. ನನ್ನ ಮಟ್ಟಿಗೆ ಇದೇ ಪ್ರಾಮಾಣಿಕ ಪರಿಹಾರ, ನೋಡಲು ಹೇಗೇ ಇರಲಿ.

"ಎಚ್‌ಡಿ ಕ್ಯಾಮೆರಾ" ಎಂದರೆ 720ಪಿ, ಅಂದರೆ ಸುಮಾರು 9 ಲಕ್ಷ ಪಿಕ್ಸೆಲ್. "ಫುಲ್ ಎಚ್‌ಡಿ" ಎಂದರೆ 1080ಪಿ, ಸುಮಾರು 21 ಲಕ್ಷ. ಹಳೆಯ ಲ್ಯಾಪ್‌ಟಾಪ್‌ಗಳ ಕ್ಯಾಮೆರಾ ಒಳಗಡೆಯೇ ಯುಎಸ್‌ಬಿ 2.0 ತಂತಿಯ ಮೂಲಕ ಜೋಡಣೆಯಾಗಿರುತ್ತದೆ. 720ಪಿ ಚಿತ್ರವನ್ನು ಸೆಕೆಂಡಿಗೆ 30 ಚೌಕಟ್ಟಿನಂತೆ (ಫ್ರೇಮ್) ಕುಗ್ಗಿಸದೆ ಕಳುಹಿಸಲು ಸೆಕೆಂಡಿಗೆ ಸುಮಾರು 440 ಮೆಗಾಬಿಟ್ ಬೇಕು, ಯುಎಸ್‌ಬಿ 2.0ರ ಕಾಗದದ ಮೇಲಿನ ವೇಗವೇ 480, ನಿಜವಾಗಿ ಸಿಗುವುದು ಅದಕ್ಕಿಂತ ಕಡಿಮೆ. ಆದ್ದರಿಂದ ಕ್ಯಾಮೆರಾ ಪ್ರತಿ ಚೌಕಟ್ಟನ್ನೂ ಜೆಪೆಗ್ ಆಗಿ ಹಿಂಡಿ ಕಳುಹಿಸುತ್ತದೆ, ಸಭೆಯ ಸಾಫ್ಟ್‌ವೇರ್ ಅದನ್ನು ಬಿಚ್ಚಿ ಮತ್ತೊಮ್ಮೆ ಹಿಂಡುತ್ತದೆ. ಮುಖ ಮೇಣದ ಗೊಂಬೆಯಂತೆ ಕಾಣುವುದರಲ್ಲಿ ಇದರ ಪಾಲೂ ಇದೆ, ಮಬ್ಬು ಬೆಳಕಿನ ಕಾಳುಕಾಳನ್ನು ಅಳಿಸುವ ಸಂಸ್ಕರಣೆಯ ಪಾಲೂ ಇದೆ.

ಇನ್ನು ಆ ಸರಿಯುವ ಪಟ್ಟಿಗಳು. ಇದನ್ನು ಓದಿದಾಗ ನನಗೆ ನಿಜಕ್ಕೂ ಸಂತೋಷವಾಯಿತು, ಏಕೆಂದರೆ ಇದಕ್ಕೆ ಖರ್ಚಿಲ್ಲದ ಪರಿಹಾರವಿದೆ. ಭಾರತದಲ್ಲಿ ವಿದ್ಯುತ್ತಿನ ಆವರ್ತನ 50 ಹರ್ಟ್ಸ್, ಆದ್ದರಿಂದ ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಬಾರಿ ಮಿನುಗುತ್ತದೆ. ಕಳಪೆ ಡ್ರೈವರಿನ ಎಲ್‌ಇಡಿ ಬಲ್ಬುಗಳೂ ಮಿನುಗುತ್ತವೆ. ಚಿತ್ರವನ್ನು ಸಾಲು ಸಾಲಾಗಿ ಹಿಡಿಯುವ ಕ್ಯಾಮೆರಾ ಪ್ರತಿ ಚೌಕಟ್ಟಿಗೆ ಬೆಳಕು ಹಿಡಿಯುವ ಅವಧಿ ಸೆಕೆಂಡಿನ ನೂರನೆಯ ಒಂದು ಭಾಗ ಅಥವಾ ಅದರ ಎರಡು, ಮೂರು ಪಟ್ಟು ಇದ್ದರೆ ಪ್ರತಿ ಸಾಲಿಗೂ ಸಮನಾದ ಬೆಳಕು ಸಿಗುತ್ತದೆ. ಅಮೆರಿಕದ 60 ಹರ್ಟ್ಸ್‌ಗೆ ಹೊಂದಿಸಿದ ಕ್ಯಾಮೆರಾ ಸೆಕೆಂಡಿನ 120ನೆಯ ಭಾಗದ ಲೆಕ್ಕದಲ್ಲಿ ಬೆಳಕು ಹಿಡಿಯುತ್ತದೆ, ಆಗ ಕೆಲವು ಸಾಲುಗಳು ಬೆಳಗಿ ಕೆಲವು ಮಬ್ಬಾಗಿ ಪಟ್ಟಿ ಮೂಡುತ್ತದೆ. ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ "ಪವರ್ ಲೈನ್ ಫ್ರೀಕ್ವೆನ್ಸಿ" ಅಥವಾ "ಆಂಟಿ ಫ್ಲಿಕರ್" ಎಂಬ ಆಯ್ಕೆಯನ್ನು ಹುಡುಕಿ 50 ಹರ್ಟ್ಸ್‌ಗೆ ಇಟ್ಟರೆ ಪಟ್ಟಿಗಳು ಹೋಗುತ್ತವೆ. ತಮ್ಮ ಹಳೆಯ ಹನ್ನೆರಡು ಯಂತ್ರಗಳಲ್ಲಿ ಇಂದೇ ಪ್ರಯತ್ನಿಸಬಹುದು.

ಕಪ್ಪಾಗಿ ಕಾಣುವ ಮುಖಕ್ಕೆ ಮಾತ್ರ ಹೊಸ ಕ್ಯಾಮೆರಾ ಪೂರ್ತಿ ಮದ್ದಲ್ಲ. ವ್ಯವಸ್ಥಾಪಕರ ಬೆನ್ನ ಹಿಂದೆ ಕಿಟಕಿ ಇದೆಯೇ ಎಂದು ವಿಚಾರಿಸಿ.

ವಕೀಲ, ಧಾರವಾಡ

ಮ್ಯೂನಿಕ್‌ನ ಮಹನೀಯರು ಹೇಳಿದ ಕೊನೆಯ ಮಾತು ನನ್ನ ಅನುಭವಕ್ಕೆ ಬಂದದ್ದು. 2020ರಲ್ಲಿ ಹೈಕೋರ್ಟಿನ ಕಲಾಪ ವಿಡಿಯೋ ಮೂಲಕ ನಡೆಯತೊಡಗಿದಾಗ ನಾನು ಕಾನೂನು ಪುಸ್ತಕಗಳ ಕಪಾಟು ಕಾಣಲೆಂದು ಕಿಟಕಿಗೆ ಬೆನ್ನು ಹಾಕಿ ಕೂರುತ್ತಿದ್ದೆ, ಮುಖವೇ ಕಾಣುತ್ತಿರಲಿಲ್ಲ. ಮೇಜನ್ನು ತಿರುಗಿಸಿ, ಕಿಟಕಿಗೆ ಮುಖ ಮಾಡಿ ಕೂತ ದಿನದಿಂದ ಅದೇ 720ಪಿ ಕ್ಯಾಮೆರಾದಲ್ಲಿ ತೃಪ್ತಿಕರವಾಗಿ ಕಾಣತೊಡಗಿದೆ. ಮಳೆಗಾಲದ ಮಧ್ಯಾಹ್ನಗಳಿಗಾಗಿ ಲ್ಯಾಪ್‌ಟಾಪ್‌ನ ಹಿಂದೆ, ಗೋಡೆಗೆ ಬೆಳಕು ಬೀಳುವಂತೆ ಒಂದು ಮೇಜುದೀಪ ಇಟ್ಟಿದ್ದೇನೆ. ಗೋಡೆಯಿಂದ ಮರಳುವ ಬೆಳಕು ಮುಖಕ್ಕೆ ಹದವಾಗಿ ಬೀಳುತ್ತದೆ, ಕನ್ನಡಕದಲ್ಲಿ ದೀಪ ಹೊಳೆಯುವುದಿಲ್ಲ.

ನನ್ನದೊಂದು ಪ್ರಶ್ನೆ. ಕಕ್ಷಿದಾರರೊಡನೆ ಗೋಪ್ಯವಾದ ಮಾತುಕತೆ ನಡೆಯುವ ಕೊಠಡಿಯಲ್ಲಿ ಲ್ಯಾಪ್‌ಟಾಪ್ ತೆರೆದೇ ಇರುತ್ತದೆ. ಕ್ಯಾಮೆರಾದ ಪಕ್ಕದ ಪುಟ್ಟ ದೀಪ ಆರಿದ್ದರೆ ಕ್ಯಾಮೆರಾ ಆರಿದೆ ಎಂದು ನಂಬಬಹುದೇ?

ಮಸೂರ, ಮ್ಯೂನಿಕ್

ವಕೀಲರೇ, ದೀಪವನ್ನು ಮಾತ್ರ ನಂಬಬೇಡಿ. ದೀಪವು ಸಂವೇದಕದ ವಿದ್ಯುತ್ ದಾರಿಗೇ ನೇರವಾಗಿ ಜೋಡಣೆಯಾಗಿದ್ದರೆ ಮೋಸಕ್ಕೆ ಆಸ್ಪದವಿಲ್ಲ. ಕ್ಯಾಮೆರಾದೊಳಗಿನ ಚಿಪ್ಪಿನ ಫರ್ಮ್‌ವೇರ್ (ಚಿಪ್ಪಿನೊಳಗೇ ಇರುವ ತಂತ್ರಾಂಶ) ದೀಪವನ್ನು ಹೊತ್ತಿಸುವ ವಿನ್ಯಾಸವಾಗಿದ್ದರೆ, ಫರ್ಮ್‌ವೇರ್ ಬದಲಿಸಿದವರು ದೀಪವನ್ನು ಆರಿಸಿಯೇ ಚಿತ್ರ ತೆಗೆಯಬಹುದು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ, ಸುಮಾರು 2008ರವರೆಗಿನ ಮ್ಯಾಕ್‌ಬುಕ್ ಮತ್ತು ಐಮ್ಯಾಕ್‌ಗಳಲ್ಲಿ ಇದು ಸಾಧ್ಯವೆಂದು ತೋರಿಸಿದರು. 2024ರಲ್ಲಿ ಇನ್ನೊಬ್ಬ ಸಂಶೋಧಕರು ಎಕ್ಸ್230 ಎಂಬ ಹಳೆಯ ಥಿಂಕ್‌ಪ್ಯಾಡ್‌ನಲ್ಲೂ ಅದನ್ನೇ ಮಾಡಿ ತೋರಿಸಿದರು. ಅಮೆರಿಕದ ಎಫ್‌ಬಿಐ ನಿರ್ದೇಶಕರಾಗಿದ್ದ ಜೇಮ್ಸ್ ಕೋಮಿ ಅವರು ತಮ್ಮ ಕ್ಯಾಮೆರಾದ ಮೇಲೆ ಟೇಪ್ ಅಂಟಿಸಿಕೊಳ್ಳುವುದಾಗಿ 2016ರಲ್ಲಿ ಬಹಿರಂಗವಾಗಿ ಹೇಳಿದ್ದರು. ಕಣ್ಣಿಗೆ ಕಾಣುವ ಶಟರ್ ಇದ್ದರೆ ಅನುಮಾನಕ್ಕೆ ಜಾಗವಿಲ್ಲ. ಆದರೆ ಶಟರ್ ಮುಚ್ಚುವುದು ಕ್ಯಾಮೆರಾವನ್ನು ಮಾತ್ರ, ಮೈಕ್ ತೆರೆದೇ ಇರುತ್ತದೆ. ಗೋಪ್ಯ ಮಾತುಕತೆಯ ಹೊತ್ತಿಗೆ ಯಂತ್ರವನ್ನು ಆರಿಸಿ ಪಕ್ಕದ ಕೋಣೆಯಲ್ಲಿಡುವುದು ಲೇಸು.

ಸಹಕಾರಿ, ಶಿರಸಿ

ಎಲ್ಲರಿಗೂ ಕೃತಜ್ಞತೆಗಳು. ಮೊದಲು ಪಟ್ಟಿಯ ವಿಷಯ. ಇಂದು ಮೂರು ಶಾಖೆಗಳವರಿಗೆ ಫೋನಿನಲ್ಲೇ ಹೇಳಿ 50 ಹರ್ಟ್ಸ್‌ಗೆ ಬದಲಿಸಿದೆವು, ಮೂರರಲ್ಲೂ ಪಟ್ಟಿಗಳು ಮಾಯವಾದವು. ಇಷ್ಟು ವರ್ಷ ಇಂಟರ್‌ನೆಟ್‌ನ ದೋಷವೆಂದು ತಿಳಿದು ಎರಡು ಬಾರಿ ಸಂಪರ್ಕ ಬದಲಿಸಿದ್ದೆವು. ಒಡೆದ ಪರದೆಗಳಲ್ಲಿ ಒಂದು ಇನ್ನೂ ಕಪಾಟಿನಲ್ಲಿತ್ತು, ಎಸ್.ಪಿ. ರಸ್ತೆಯವರು ಹೇಳಿದಂತೆಯೇ ಬಿರುಕುಗಳು ಮೇಲಂಚಿನ ನಡುವಿನಿಂದ ಹರಡಿವೆ.

ಈಗ ಮಾರಾಟಗಾರರೊಬ್ಬರು, ಪಕ್ಕದಿಂದ ನೋಡಿದರೆ ಕಾಣದಂತಹ ಖಾಸಗಿತನದ ಪರದೆಯನ್ನು ಎಲ್ಲ 26 ಯಂತ್ರಗಳಿಗೂ ತೆಗೆದುಕೊಳ್ಳಿ ಎನ್ನುತ್ತಿದ್ದಾರೆ. ಮಹಾಸಭೆಯ ದೂರಿಗೆ ಇದು ಉತ್ತರವಾಗಬಹುದೆಂದು ಅಧ್ಯಕ್ಷರಿಗೂ ಅನ್ನಿಸಿದೆ. ತಮ್ಮ ಅಭಿಪ್ರಾಯವೇನು?

ಪರಿಕರ ವಿಭಾಗ, ಬೆಂಗಳೂರು

ನಾನು ಇದನ್ನು ಒಪ್ಪುತ್ತೇನೆ. ಎಚ್‌ಪಿಯವರು 3ಎಂ ಸಂಸ್ಥೆಯೊಡನೆ ಸೇರಿ 2016ರಲ್ಲಿ ಶ್ಯೂರ್ ವ್ಯೂ ಎಂಬ ಹೆಸರಿನಲ್ಲಿ ಇದನ್ನು ಎಲೈಟ್‌ಬುಕ್‌ನಲ್ಲಿ ತಂದರು. ಲೆನೊವೊದಲ್ಲಿ ಪ್ರೈವೆಸಿ ಗಾರ್ಡ್ ಎಂದೂ ಡೆಲ್‌ನಲ್ಲಿ ಸೇಫ್‌ಸ್ಕ್ರೀನ್ ಎಂದೂ ಹೆಸರು. ಒಂದು ಗುಂಡಿ ಒತ್ತಿದರೆ ಪರದೆಯ ಬೆಳಕು ನೇರ ಎದುರಿಗೆ ಮಾತ್ರ ಹೊರಟು, ಪಕ್ಕದಲ್ಲಿ ನಿಂತವರಿಗೆ ಪರದೆ ಹೆಚ್ಚೂಕಡಿಮೆ ಖಾಲಿಯಾಗಿ ಕಾಣುತ್ತದೆ. ವಿಮಾನದಲ್ಲಿ, ರೈಲಿನಲ್ಲಿ ಕೆಲಸ ಮಾಡುವ ನಮ್ಮ ಮಾರಾಟ ವಿಭಾಗದವರಿಗೆ ಇದನ್ನೇ ಕೊಡುತ್ತೇವೆ.

ಕರಡು ತಿದ್ದುವವರು, ಮೈಸೂರು

ನನ್ನ ಅಭಿಪ್ರಾಯ ಬೇರೆ. ನಾನು ಕೆಲಸ ಮಾಡುವ ಪ್ರಕಾಶನದಲ್ಲಿ ಅಂಥ ಒಂದು ಯಂತ್ರವನ್ನು ಎಂಟು ತಿಂಗಳು ಬಳಸಿದ್ದೇನೆ. ಖಾಸಗಿತನವನ್ನು ಆರಿಸಿದಾಗಲೂ ಪರದೆಯ ಬಿಳುಪು ಸಾಮಾನ್ಯ ಪರದೆಯಷ್ಟು ಶುಭ್ರವಾಗಿರಲಿಲ್ಲ; ನೇರ ಎದುರಿಗೆ ಕೂತಾಗಲೂ ಎರಡೂ ಬದಿಯ ಅಂಚುಗಳಲ್ಲಿ ಮಬ್ಬು ನೆರಳು ಕವಿದಂತಿರುತ್ತಿತ್ತು. ಖಾಸಗಿತನವನ್ನು ಹಾಕಿದಾಗ ಪ್ರಕಾಶವೂ ಕಾಂತಿಭೇದವೂ ಇನ್ನಷ್ಟು ಇಳಿಯುತ್ತಿದ್ದವು. ಐವತ್ತು ದಾಟಿದ ಕಣ್ಣುಗಳಿಗೆ ಆ ಇಳಿತ ಸಣ್ಣದಲ್ಲ. ಬೆಂಗಳೂರಿನವರು ರೈಲಿನ ಮಾತು ಹೇಳಿದರು, ಇಲ್ಲಿ ಇರುವುದು ಪೂರ್ವದ ಬಿಸಿಲು ಬೀಳುವ ಕೌಂಟರು. ಫೈಲು ಮರೆಮಾಡಿಕೊಂಡು ಓದುವ ಆ ಸಹೋದ್ಯೋಗಿಗೆ ಮೊದಲು ಬೆಳಕು ಕೊಡಿ. ಸಾಲಗಾರರಿಗೆ ಪರದೆಯನ್ನು ತಿರುಗಿಸಿ, ಇಗೋ ನಿಮ್ಮ ಕಂತಿನ ಪಟ್ಟಿ ಎಂದು ತೋರಿಸಬೇಕಾದ ಸಂದರ್ಭವೂ ಇರುತ್ತದೆ. ಅಂಥ ಹೊತ್ತಿನಲ್ಲಿ ಗುಂಡಿಯನ್ನು ಆರಿಸಲು ನೆನಪಾಗದೆ ಸಿಬ್ಬಂದಿ ಪರದಾಡುವುದನ್ನು ನಾನು ಬ್ಯಾಂಕೊಂದರಲ್ಲಿ ಕಂಡಿದ್ದೇನೆ.

ಪರಿಕರ ವಿಭಾಗ, ಬೆಂಗಳೂರು

ಮೈಸೂರಿನವರ ಮಾತಿನಲ್ಲಿ ತಥ್ಯವಿದೆ, ಕೌಂಟರಿನ ಬಿಸಿಲನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹಾಗಾದರೆ ಎಲ್ಲ 26ಕ್ಕೂ 400 ನಿಟ್ಸ್‌ನ ಸಾಮಾನ್ಯ ಪರದೆಯನ್ನೇ ತೆಗೆದುಕೊಂಡು, ನಿಜವಾಗಿ ಬೇಕಾದ ಕೌಂಟರುಗಳಿಗೆ ಮಾತ್ರ ಬೇಕಾದಾಗ ತೆಗೆದಿಡಬಹುದಾದ ಖಾಸಗಿತನದ ಫಿಲ್ಮ್ ಕೊಳ್ಳಬಹುದು. ಫಿಲ್ಮ್ ಕೊಳ್ಳುವಾಗ ಪರದೆಯ ಆಕಾರವನ್ನು ಹೇಳಲು ಮರೆಯಬೇಡಿ. 14 ಇಂಚು ಎಂದಷ್ಟೇ ಹೇಳಿದರೆ 16:9ರದ್ದು ಬಂದುಬಿಡುತ್ತದೆ. ಲ್ಯಾಪ್‌ಟಾಪ್ ಮುಚ್ಚುವ ಮೊದಲು ಅದನ್ನು ತೆಗೆದಿಡುವ ಅಭ್ಯಾಸವನ್ನೂ ಮಾಡಿಸಿ.

ಮುಖ ನೋಡಿ ಲಾಗಿನ್ ಆಗುವ ಇನ್‌ಫ್ರಾರೆಡ್ ಕ್ಯಾಮೆರಾವನ್ನು ಮಾತ್ರ ಬಿಡಬೇಡಿ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕೀಬೋರ್ಡಿನ ಕೆಳಗಿಡುವ ಅಭ್ಯಾಸ ನಮ್ಮ ಕಚೇರಿಯಲ್ಲಿ ನಿಂತದ್ದು ಅದು ಬಂದ ಮೇಲೆಯೇ. ಕತ್ತಲೆಯಲ್ಲೂ ಅದು ಕೆಲಸ ಮಾಡುತ್ತದೆ.

ಮಸೂರ, ಮ್ಯೂನಿಕ್

ಒಂದು ತಿದ್ದುಪಡಿ. ಮುಖ ನೋಡಿ ಲಾಗಿನ್ ಮಾಡಿಸುವ ವಿಂಡೋಸ್ ಹಲೋ ವ್ಯವಸ್ಥೆ 2015ರಲ್ಲಿ ವಿಂಡೋಸ್ 10ರೊಂದಿಗೆ ಬಂದಂದಿನಿಂದ ಕತ್ತಲೆಯಲ್ಲೂ ಕೆಲಸ ಮಾಡುತ್ತಿತ್ತು, ಏಕೆಂದರೆ ಯಂತ್ರವೇ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಮುಖದ ಮೇಲೆ ಹಾಯಿಸುತ್ತದೆ. ಆದರೆ 2025ರ ಏಪ್ರಿಲ್‌ನ ವಿಂಡೋಸ್ 11 ಅಪ್‌ಡೇಟಿನಲ್ಲಿ, ಭದ್ರತೆಯ ಕಾರಣಕ್ಕಾಗಿ, ಸಾಮಾನ್ಯ ಬಣ್ಣದ ಕ್ಯಾಮೆರಾಕ್ಕೂ ಮುಖ ಕಾಣಿಸಬೇಕೆಂಬ ನಿಬಂಧನೆಯನ್ನು ಸೇರಿಸಿದ್ದಾರೆ. ಸಂಜೆ ಕರೆಂಟು ಹೋಗಿ, ಇನ್ವರ್ಟರಿನ ಒಂದೇ ಬಲ್ಬು ಉರಿಯುತ್ತಿರುವ ಶಾಖೆಯಲ್ಲಿ ಮುಖದ ಲಾಗಿನ್ ಕೈಕೊಡಬಹುದು. ಬಣ್ಣದ ಕ್ಯಾಮೆರಾದ ಶಟರ್ ಮುಚ್ಚಿದ್ದರೂ ಅದೇ ತೊಂದರೆ. ಆದ್ದರಿಂದ ಬೆರಳಚ್ಚಿನ ಓದುಗವನ್ನೂ ಸೇರಿಸಿ ಕೊಳ್ಳಿ.

ಸಹಕಾರಿ, ಶಿರಸಿ

ಹದಿನೆಂಟು ದಿನಗಳ ನಂತರ ಮತ್ತೆ ಬರೆಯುತ್ತಿದ್ದೇನೆ. ಎರಡು ಬೇರೆ ಬೇರೆ ಸಂಸ್ಥೆಗಳ ಮಾದರಿ ಯಂತ್ರಗಳನ್ನು ತರಿಸಿ, ಬೆಳಿಗ್ಗೆ ಹನ್ನೊಂದು ಗಂಟೆಗೆ ಅದೇ ಪೂರ್ವದ ಕೌಂಟರಿನ ಮೇಲೆ, ಹಳೆಯ ಯಂತ್ರದ ಪಕ್ಕದಲ್ಲಿ ಇಟ್ಟೆವು. ಮೂರರಲ್ಲೂ ಒಂದೇ ಸಾಲಪತ್ರವನ್ನು ತೆರೆದು, ನಮ್ಮ ಆ ಸಹೋದ್ಯೋಗಿಯನ್ನೇ ಓದಲು ಕೂರಿಸಿದೆವು. 400 ನಿಟ್ಸ್‌ನ ಯಂತ್ರದ ಮುಂದೆ ಕೂತ ಅವರು ಅಭ್ಯಾಸಬಲದಿಂದ ಫೈಲಿಗೆ ಕೈ ಚಾಚಿ, ಹಾಗೆಯೇ ಕೈ ಹಿಂದಕ್ಕೆ ತೆಗೆದುಕೊಂಡು ಓದತೊಡಗಿದರು. ಇನ್ನೊಂದು ಮಾದರಿಯ ಪರದೆ 300 ನಿಟ್ಸ್‌ನದು, ದರದಲ್ಲಿ ಸ್ವಲ್ಪ ಕಡಿಮೆ. ಅದರ ಮುಂದೆ ಫೈಲು ಬೇಕಾಯಿತು. ಅಧ್ಯಕ್ಷರು ಅಲ್ಲೇ ನಿಂತಿದ್ದರು, ಹೆಚ್ಚಿನ ದರದ ಬಗ್ಗೆ ಮತ್ತೆ ಚರ್ಚೆ ಬರಲಿಲ್ಲ.

ಆರ್ಡರ್ ಪತ್ರದಲ್ಲಿ ಹೀಗೆ ಬರೆದಿದ್ದೇವೆ: 14 ಇಂಚು, 16:10, 1920×1200, ಐಪಿಎಸ್, ಮ್ಯಾಟ್, 400 ನಿಟ್ಸ್‌ಗೆ ಕಡಿಮೆಯಿಲ್ಲದ ಪ್ರಕಾಶ, 100 ಶೇಕಡಾ ಎಸ್‌ಆರ್‌ಜಿಬಿ, ಒಳಗೇ ಇರುವ ಯಾಂತ್ರಿಕ ಶಟರ್ ಸಹಿತ 1080ಪಿ ಮತ್ತು ಇನ್‌ಫ್ರಾರೆಡ್ ಕ್ಯಾಮೆರಾ, ಬೆರಳಚ್ಚಿನ ಓದುಗ. ಇದಕ್ಕೆ ಹೊಂದದ ಯಂತ್ರ ಬಂದರೆ ಮರಳಿಸುವ ಹಕ್ಕು ನಮ್ಮದು ಎಂಬ ಸಾಲನ್ನೂ ಸೇರಿಸಿದ್ದೇವೆ. ಆದರೆ ಬಂದ 26ರಲ್ಲಿ ಪ್ರತಿಯೊಂದಕ್ಕೂ 400 ನಿಟ್ಸ್‌ನ ಪರದೆಯೇ ಇದೆಯೆಂದು ಬಿಚ್ಚದೆ ತಿಳಿಯುವುದು ಹೇಗೆ?

ರಿಪೇರಿ ಬೆಂಚು, ಎಸ್.ಪಿ. ರಸ್ತೆ

ಬಿಚ್ಚುವ ಅಗತ್ಯವಿಲ್ಲ ಸರ್. ಪ್ರತಿ ಪ್ಯಾನೆಲ್ ತನ್ನ ತಯಾರಕರ ಹೆಸರನ್ನೂ ಮಾದರಿ ಸಂಖ್ಯೆಯನ್ನೂ ಯಂತ್ರಕ್ಕೆ ತಾನೇ ತಿಳಿಸುತ್ತದೆ. ಅದನ್ನು ಓದಿ ತೋರಿಸುವ ಉಚಿತ ತಂತ್ರಾಂಶಗಳಿವೆ. ಮಾದರಿ ಯಂತ್ರದ ಪ್ಯಾನೆಲ್ ಸಂಖ್ಯೆಯನ್ನು ಈಗಲೇ ಬರೆದಿಟ್ಟುಕೊಂಡು, ಬಂದ ಯಂತ್ರಗಳಲ್ಲಿ ಒಂದೊಂದನ್ನೂ ಹೋಲಿಸಿ. ಒಂದೇ ಆರ್ಡರಿನಲ್ಲಿ ಇಬ್ಬರು ಮೂವರು ತಯಾರಕರ ಪ್ಯಾನೆಲ್‌ಗಳು ಬೆರೆತು ಬರುವುದು ಸಾಮಾನ್ಯ, ಅದರಲ್ಲಿ ತಪ್ಪಿಲ್ಲ; ಬೇರೆ ಸಂಖ್ಯೆ ಕಂಡರೆ ಅದರ ನಿಟ್ಸ್ ಎಷ್ಟೆಂದು ಮಾರಾಟಗಾರರಿಂದ ಬರಹದಲ್ಲಿ ಕೇಳಿ. ಜೊತೆಗೆ ಚಾರ್ಜರ್ ಹಾಕಿ, ಎಲ್ಲವನ್ನೂ ಪೂರ್ಣ ಪ್ರಕಾಶಕ್ಕೆ ಏರಿಸಿ, ಒಂದು ಬಿಳಿ ಪುಟವನ್ನು ತೆರೆದು ಸಾಲಾಗಿ ಮೇಜಿನ ಮೇಲಿಡಿ. ಮಂದವಾದದ್ದು ಒಂದಿದ್ದರೂ ಸಾಲಿನಲ್ಲಿ ಎದ್ದು ಕಾಣುತ್ತದೆ. ಪರದೆಯನ್ನು ಒರೆಸುವಾಗ ಒದ್ದೆ ಬಟ್ಟೆ ಬೇಡ, ಕನ್ನಡಕದ ಒಣಬಟ್ಟೆ ಸಾಕು. ನೀರು ಕೆಳಗಿನ ಅಂಚಿಗೆ ಇಳಿದರೆ ಪ್ಯಾನೆಲ್‌ನ ಸರ್ಕಿಟ್ ಇರುವುದು ಅಲ್ಲಿಯೇ.